ತಮ್ಮಣ್ಣನ ನಂಬರು

ತಮ್ಮಣ್ಣ ವಿಯೆಟ್ನಾಮಿಗೆ ಹೊರಟಿದ್ದಾನೆಂಬ ಸುದ್ದಿ ರಾಮತೀರ್ಥ ನಗರದ ಕಸದ ಗಾಡಿಯವನಿಗೂ ಗೊತ್ತಿತ್ತು. ವಡಗಾವಿಯಲ್ಲಿ ಸೀರೆಗಳ ಸಗಟು ಅಂಗಡಿ ಇಟ್ಟವನು. ವ್ಯಾಪಾರಿಗಳ ಸಂಘದವರು ಕೂಡಿ ಪರದೇಶ ನೋಡಿ ಬರೋಣ ಅಂದಾಗ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟಿದ್ದ. ಎರಡು ವಾರದ ತಿರುಗಾಟ ಅಷ್ಟೇ. ಅವನ ಮಾತು ಕೇಳಿದರೆ ಮಾತ್ರ ಸರ್ಕಾರವೇ ಅವನನ್ನು ರಾಯಭಾರಿ ಮಾಡಿ ಕಳಿಸುತ್ತಿದೆ ಅನ್ನಬೇಕು. ಹಾಲು ಹಾಕಲು ಬಂದವನನ್ನು ಗೇಟಿನಲ್ಲಿ ನಿಲ್ಲಿಸಿಕೊಂಡು ಅಲ್ಲಿಯ ಹವೆ ಹೇಗಿರುತ್ತದೆಂದು ವಿವರಿಸುತ್ತಿದ್ದ. ಆ ಹವೆಯನ್ನು ಅವನು ಕಂಡದ್ದು ಮೊಬೈಲಿನಲ್ಲಿ.

ಅವನ ಹೆಂಡತಿ ಪೂರ್ಣಿಮಾ ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ಕೇಳುತ್ತ ರೊಟ್ಟಿ ಬಡಿಯುತ್ತಿದ್ದಳು. ಗಂಡನ ಮಾತಿನಲ್ಲಿ ಎಷ್ಟು ಸೋಸಿ ಚೆಲ್ಲಬೇಕು, ಎಷ್ಟು ಇಟ್ಟುಕೊಳ್ಳಬೇಕು ಅನ್ನುವುದು ಅವಳಿಗೆ ರೂಢಿಯಾಗಿ ಬಹಳ ಕಾಲವಾಗಿತ್ತು. ಇತ್ತೀಚೆಗೆ ಚೆಲ್ಲುವುದೇ ಜಾಸ್ತಿ.

ಆ ಮನೆಯಲ್ಲಿ ಒಂದು ಪದ್ಧತಿ. ಏನೇ ಇರಲಿ, ಅದು ತಮ್ಮಣ್ಣನ ಮೊಬೈಲ್ ನಂಬರಿಗೇ ಕಟ್ಟಿರಬೇಕು. ಗ್ಯಾಸು ಪೂರ್ಣಿಮಾಳ ಹೆಸರಿನಲ್ಲಿದ್ದರೂ ನಂಬರು ತಮ್ಮಣ್ಣನದು. ಬ್ಯಾಂಕಿನ ಖಾತೆ ಅವಳದು, ನಂಬರು ಅವನದು. ಮನೆಯ ಕರೆಂಟ್ ಬಿಲ್ಲು, ಅಪ್ಪನ ಪಿಂಚಣಿ, ಮಗಳ ಕಾಲೇಜಿನ ಅರ್ಜಿ, ಎಲ್ಲದರ ಒಟಿಪಿಯೂ ಅವನ ಅಂಗಿಯ ಕಿಸೆಯಲ್ಲೇ ಟಿಣ್ ಅನ್ನಬೇಕು. ಟಿಣ್ ಅಂದಮೇಲೂ ಅವನು ತಕ್ಷಣ ಹೇಳುವವನಲ್ಲ. ಕನ್ನಡಕ ಹುಡುಕಿ, ಒರೆಸಿ, "ಯಾತಕ್ಕ ಬೇಕಾಗಿತ್ತು?" ಎಂದು ವಿಚಾರಣೆ ಮಾಡಿ, ಕಾರಣ ಮನಸ್ಸಿಗೆ ಬಂದರೆ ಒಂದೊಂದೇ ಅಂಕಿಯನ್ನು ಪ್ರಸಾದ ಹಂಚಿದ ಹಾಗೆ ಹೇಳುತ್ತಿದ್ದ. ಯಜಮಾನಿಕೆ ಅಂದರೆ ಅವನ ಲೆಕ್ಕದಲ್ಲಿ ಇಷ್ಟೇ.

ಹೊರಡುವ ವಾರ ಅವಲಕ್ಕಿ ತಿನ್ನುವಾಗ ಮಗಳು ಸಮೃದ್ಧಿ ಫೋನಿನ ಮಾತು ತೆಗೆದಳು.

"ಪಪ್ಪಾ, ನಿಮ್ಮ ಫೋನಿನ್ಯಾಗ ಎರಡು ಸಿಮ್ ಹಾಕಾಕ ಬರ್ತೈತಿ. ನಮ್ಮ ಸಿಮ್ ಒಳಗ ಇರ್ಲಿ, ಅದಕ್ಕೊಂದು ಸಣ್ಣ ರೋಮಿಂಗ್ ಪ್ಯಾಕ್ ಹಾಕಸ್ರಿ. ಒಟಿಪಿ ಬರ್ತಾವ. ನೆಟ್ಟಿಗೆ ಅಲ್ಲೇ ಏರ್‌ಪೋರ್ಟಿನ್ಯಾಗ ಟೂರಿಸ್ಟ್ ಸಿಮ್ ತಗೋರಿ. ಸೋವಿ ಬೀಳ್ತೈತಿ."

"ನನಗ ಕಲಸಬ್ಯಾಡ ನೀ. ಹ್ವಾದ ವರ್ಷ ನಮ್ಮ ಸಂಘದ ಕರೆಪ್ಪ ದುಬೈಗೆ ಹೋಗಿದ್ನಲ್ಲ, ಅವನ ಸಿಮ್ ಬರೇ ಫೋನಿನ್ಯಾಗ ಕುಂತಿತ್ತು. ವಾಪಸ್ ಬಂದು ಬಿಲ್ ನೋಡಿ ಅಂವಗ ಚಕ್ಕರ್ ಬಂತು."

"ಅವ್ರು ಡೇಟಾ ಬಂದ್ ಮಾಡಿರಲಿಕ್ಕಿಲ್ರಿ."

"ಬಂದ್ ಮಾಡಿದ್ರೂ ಎಳೀತಾರ ಅವ್ರು. ನಿನಗೇನ್ ತಿಳೀತದ?"

ಮೂಲೆಯ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದ ತಮ್ಮಣ್ಣನ ಅಪ್ಪ ಗುರುಸಿದ್ದಪ್ಪ ಬಸಿಯಿಂದ ತಲೆ ಎತ್ತಿದರು. ಸಾಲೆಯ ಹೆಡ್‌ಮಾಸ್ತರರಾಗಿ ನಿವೃತ್ತಿಯಾದವರು. ಮಗನೊಬ್ಬ ಮಾತ್ರ ತಮ್ಮ ಕೈಯಲ್ಲಿ ಕಲಿಯದೆ ಉಳಿದ ಎಂಬ ಕೊರಗು ಅವರಿಗಿತ್ತು.

"ಅಲ್ಲಲೇ ತಮ್ಮಾ, ಎಲ್ಲಾದಕ್ಕಿಂತ ದೊಡ್ಡ ಪ್ಲಾನ್ ತಗೊಂಡೀನಿ ಅಂತ ಸಂಘದಾವ್ರ ಮುಂದ ಹೇಳೀಯಂತಲ್ಲ?"

"ತಗೋತೀನಿ ಬಿಡಪಾ. ನಾ ಚಂದ್ರಲೋಕಕ್ಕ ಹ್ವಾದ್ರೂ ನನ್ನ ನಂಬರ್ ಹತ್ತಬೇಕು, ಅಂಥಾ ಪ್ಲಾನ್."

"ನನ್ನ ಸೀಟು ಬಂತಂದ್ರ ಒಪ್ಪಿಗಿ ಕೊಡಾಕ ಒಟಿಪಿ ಬೇಕು, ಪಪ್ಪಾ," ಅಂದಳು ಸಮೃದ್ಧಿ. "ಬರೇ ಮೂರು ದಿನ ಟೈಮ್ ಇರ್ತೈತಿ. ನನ್ನ ನಂಬರ್ ಹಾಕ್ತೀನಿ ಅಂದಾಗ ನೀವ ಬ್ಯಾಡ ಅಂದ್ರಿ."

"ಹುಡಿಗ್ಯಾರ ನಂಬರ್ ಎಲ್ಲೆಂದ್ರಲ್ಲಿ ಕೊಡೂದಲ್ಲ."

"ನನ್ನ ನಂಬರ್ ಹಾಕಬಹುದಿತ್ತಲ್ರಿ," ಅಂದಳು ಪೂರ್ಣಿಮಾ, ಅವಲಕ್ಕಿಯ ಮೇಲೆ ಶೇಂಗಾ ಉದುರಿಸುತ್ತ.

"ನಿಂದಾ?" ತಮ್ಮಣ್ಣ ನಕ್ಕುಬಿಟ್ಟ. "ನಿನ್ನ ಫೋನ್ ಫ್ರಿಜ್ಜಿನ ಮ್ಯಾಲ ಕುಂತಿರ್ತೈತಿ. ನೀ ಒಟಿಪಿ ಹೇಳೂದ್ರಾಗ ಹುಡುಗಿ ಲಗ್ನದ ವಯಸ್ಸಿಗೆ ಬಂದಿರ್ತಾಳ."

ತನ್ನ ಮಾತಿಗೆ ತಾನೇ ನಗುವ ಚಟ ಅವನಿಗೆ. ಉಳಿದವರು ತಟ್ಟೆ ನೋಡಿಕೊಂಡು ತಿಂದರು.

ಸಮೃದ್ಧಿಗೆ ಬೇಕಾಗಿದ್ದದ್ದು ಪಶುವೈದ್ಯಕೀಯ. ಬೇರೆ ಯಾವ ಕೋರ್ಸನ್ನೂ ಅವಳು ಮನಸ್ಸಿಟ್ಟು ತುಂಬಿರಲಿಲ್ಲ. ಎರಡು ವರ್ಷ ಬೆಳಗಿನ ಕ್ಲಾಸು, ಸಂಜೆಯ ಕ್ಲಾಸು ಎಂದು ಓಡಾಡಿ ತಂದ ಅಂಕಗಳು. ತಮ್ಮಣ್ಣನಿಗೆ ಅದು ಅಷ್ಟಕ್ಕಷ್ಟೇ. ಎಮ್ಮೆ ಡಾಕ್ಟರ ಅಂದರೆ ಸಂಘದಲ್ಲಿ ಹೇಳಿಕೊಳ್ಳಲು ಅವನಿಗೆ ನಾಚಿಕೆ.

ಹೊರಡುವ ಮುಂಚಿನ ದಿನ ಅವನು ಖಾನಾಪುರದಲ್ಲಿರುವ ಅಕ್ಕ ಗಂಗಾದೇವಿಯ ಕಾಲಿಗೆ ಬಿದ್ದು ಬರುತ್ತೇನೆಂದು ಹೋದ. ಪೂರ್ಣಿಮಾಗೆ ಆಶ್ಚರ್ಯವಾಯಿತು. ಹಬ್ಬಕ್ಕೆ ಕರೆದರೂ ಅಕ್ಕನ ಮನೆಗೆ ಹೋಗದವನಿಗೆ ಏಕಾಏಕಿ ಇಷ್ಟು ಭಕ್ತಿ ಎಲ್ಲಿಂದ ಬಂತು? ವಿಮಾನದ ಹೆದರಿಕೆ ಇರಬೇಕು ಅಂದುಕೊಂಡು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ವಿಯೆಟ್ನಾಮಿನವರು ಅದನ್ನು ತಿಂದು ಬೆರಗಾಗುತ್ತಾರೆಂದು ಅವನು ಹೇಳಿದ.

ಹೋದ ಮರುದಿನದಿಂದ ವಾಟ್ಸಾಪಿನಲ್ಲಿ ವಿಡಿಯೋ ಕಾಲುಗಳು ಶುರುವಾದವು. ದೋಣಿ ತೋರಿಸಿದ, ಹೋಟೆಲಿನ ಮಂಚ ತೋರಿಸಿದ, ತಲೆಗೆ ಬಿದಿರಿನ ಟೋಪಿ ಹಾಕಿಕೊಂಡು ಮುಖ ತೋರಿಸಿದ. ಬಾಜೂ ಮನೆಯವರನ್ನು ಕರೆಯಿರಿ ಅಂದ. ಅವರು ಬಂದರು, ಟೋಪಿ ನೋಡಿದರು, ಚಹಾ ಕುಡಿದು ಹೋದರು.

"ಹೆಂಗ ಕಾಣಾಕತ್ತೈತಿ ನೋಡ್ರಿ! ಎದುರಿಗೆ ಕುಂತಂಗ. ಪ್ಲಾನ್ ಅಂದ್ರ ಇದು!"

ಆ ಹೊತ್ತಿಗೇ ಗ್ಯಾಸು ಮುಗಿಯಿತು. ಸಿಲಿಂಡರಿನವನು ಬಂದು, "ಅಕ್ಕಾರ, ಕೋಡ್ ಹೇಳ್ರಿ," ಅಂದ. ಕೋಡ್ ಹೋಗಿದ್ದು ತಮ್ಮಣ್ಣನ ನಂಬರಿಗೆ. ಪೂರ್ಣಿಮಾ ವಾಟ್ಸಾಪಿನಲ್ಲಿ ಕೇಳಿದಳು. "ತಡಿ, ಹೇಳ್ತೀನಿ," ಅಂದ. ಸಿಲಿಂಡರಿನವನು ಗೇಟಿಗೆ ಒರಗಿದ, ಬೀಡಿ ಸೇದಿದ, ಬೈದುಕೊಂಡ, ಸಿಲಿಂಡರ್ ಎತ್ತಿಕೊಂಡು ಹೊರಟೇ ಹೋದ. ಊಟದ ಹೊತ್ತಿಗೆ ಕೋಡ್ ಬಂತು. ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ. ಪೂರ್ಣಿಮಾ ಕರೆಂಟಿನ ಒಲೆಯ ಮೇಲೆ ಅನ್ನ ಬೇಯಿಸಿದಳು. ರೊಟ್ಟಿ ನಿಂತೇಹೋಯಿತು.

"ಒಂದು ಒಟಿಪಿ ಹೇಳಾಕ ಮಧ್ಯಾಹ್ನ ಆಗಬೇಕೇನ್ರಿ?" ಅಂದಳು ಸಂಜೆ.

"ಇಲ್ಲಿ ಟೈಮ್ ಬ್ಯಾರೆ ಇರ್ತೈತಿ. ಹೇಳಿದ್ರ ನಿನಗ ತಿಳಿಯೂದಿಲ್ಲ."

ಗುರುಸಿದ್ದಪ್ಪ ಅನ್ನ ಕಲಸುತ್ತ ಫೋನಿನತ್ತ ಬಾಗಿದರು. "ತಮ್ಮಾ, ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಮುಂದ ಐತಿ. ಹಂಗಿದ್ರ ಒಟಿಪಿ ಲಗೂನ ಬರಬೇಕಾಗಿತ್ತು."

ಅತ್ತಲಿಂದ ಟವರ್ ಹೋಯಿತು. ಅಪ್ಪ ಬಾಯಿ ತೆಗೆದಾಗೆಲ್ಲ ವಿಯೆಟ್ನಾಮಿನಲ್ಲಿ ಟವರ್ ಹೋಗುತ್ತಿತ್ತು.

ಮುಂದಿನ ವಾರ ಸಮೃದ್ಧಿಗೆ ಗದಗಿನ ಕಾಲೇಜಿನಲ್ಲಿ ಸೀಟು ಬಂತು. ಪೂರ್ಣಿಮಾ ಬೆಲ್ಲ ಹಾಕಿ ಮಾದಲಿ ಮಾಡಿದಳು. ಅಜ್ಜ ಮೊಮ್ಮಗಳಿಗೆ ತಾವೇ ತುಪ್ಪ ಬಡಿಸಿದರು. ಇನ್ನುಳಿದದ್ದು ಒಪ್ಪಿಗೆ ಒತ್ತುವುದು. ಒತ್ತಲು ಒಟಿಪಿ. ಒಟಿಪಿಗೆ ತಮ್ಮಣ್ಣ. ಈ ಒಟಿಪಿ ಗ್ಯಾಸಿನದರಂತೆ ಮಧ್ಯಾಹ್ನದವರೆಗೆ ಕಾಯುವಂಥದ್ದಲ್ಲ. ಹತ್ತು ನಿಮಿಷ ದಾಟಿದರೆ ಅದು ಕಸ.

ಮೊದಲ ದಿನ ಬಂದದ್ದು ಕಸ. ಎರಡನೆಯ ದಿನವೂ ಕಸ. ಸಮೃದ್ಧಿ ಫೋನು ಹಿಡಿದುಕೊಂಡು ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ತಿರುಗಿದಳು.

"ಪಪ್ಪಾ, ಮೆಸೇಜ್ ಬಂದ ಕೂಡ್ಲೇ ಓದ್ರಿ. ಅಷ್ಟ ಸಾಕು."

"ಓದಾಕ ಬಂದ್ರ ಓದ್ತಿದ್ದಿಲ್ಲೇನು? ಇಲ್ಲಿ ಟವರ್ ಪ್ರಾಬ್ಲಮ್ ಐತಿ."

"ವಿಡಿಯೋ ಹತ್ತತೈತಿ, ಮೆಸೇಜ್ ಹತ್ತೂದಿಲ್ಲೇನ್ರಿ?"

"ನನಗ ಎದುರಾಡಬ್ಯಾಡ! ಹ್ವಾದ್ರ ಹೋಗ್ಲಿ. ಇಲ್ಲೇ ಬಿ.ಕಾಂ. ಮಾಡು. ದನದ ಬಾಲ ಎತ್ತೂದು ಹೆಣ್ಣುಮಕ್ಕಳ ಕೆಲಸ ಅಲ್ಲ."

ಹುಡುಗಿ ಉಣ್ಣದೆ ಮಲಗಿದಳು. ಪೂರ್ಣಿಮಾ ತಟ್ಟೆ ಮುಚ್ಚಿಟ್ಟಳು. ಹೋದರೆ ಹೋಗಲಿ! ಮಗಳ ಎರಡು ವರ್ಷದ ಓದು ಇವನಿಗೆ ಬಸ್ಸು ತಪ್ಪಿದಷ್ಟೇ ಸಮ. ಅವಳಿಗೆ ಮೈಯೆಲ್ಲ ಉರಿಯಿತು.

ಮೂರನೆಯ ದಿನವೇ ಕೊನೆಯ ದಿನ. ಸಂಜೆಯೊಳಗೆ ಒಪ್ಪಿಗೆ ಕೊಡದಿದ್ದರೆ ಸೀಟು ಬೇರೆಯವರ ಪಾಲು. ಬೆಳಿಗ್ಗೆ ಸಮೃದ್ಧಿ ಮತ್ತೆ ಒತ್ತಿದಳು. ಹತ್ತು ನಿಮಿಷ ಕಳೆಯಿತು, ಏನೂ ಬರಲಿಲ್ಲ. ಅದೇ ಹೊತ್ತಿಗೆ ಕರೆಂಟ್ ಹೋಗಿ ಮನೆಯ ವೈಫೈ ಸತ್ತಿತು. ಪೂರ್ಣಿಮಾಳ ಫೋನಿನಲ್ಲಿ ಬೇರೆ ನೆಟ್ ಇರಲಿಲ್ಲ. ತಲೆ ಕೆಟ್ಟು ಗಂಡನ ನಂಬರಿಗೆ ಸಾದಾ ಕಾಲ್ ಮಾಡಿದಳು. ಅಷ್ಟು ದೊಡ್ಡ ಪ್ಲಾನ್ ಇದೆಯಲ್ಲ, ಉರಿಯಲಿ ಅವನ ದುಡ್ಡು ಅಂತ.

ರಿಂಗಾಯಿತು. ಎತ್ತಿದವಳು ಒಬ್ಬ ಹೆಂಗಸು.

"ಹಲೋ, ಯಾರು? ತಮ್ಮಣ್ಣ ಊರಾಗಿಲ್ಲ."

ಪೂರ್ಣಿಮಾಗೆ ಒಂದು ಗಳಿಗೆ ಏನೇನೋ ಹೊಳೆಯಿತು. ಆಮೇಲೆ ಆ ದನಿಯ ಹಿಂದೆ ಎಮ್ಮೆ ಕೂಗಿತು.

"ಗಂಗಕ್ಕಾರ?"

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಪೂರ್ಣಿಮಾ ಹೇಳಿದ್ದನ್ನು ಕೇಳಿ ಗುರುಸಿದ್ದಪ್ಪ, "ಅಂದ್ರ ನನ್ನ ಮಗನ ಪರದೇಶ ಖಾನಾಪುರದಾಗ ಐತಿ," ಅಂದರು. ಕೋಲು ತೆಗೆದುಕೊಂಡು ಚಪ್ಪಲಿ ಮೆಟ್ಟಿದರು. ಮೂವರೂ ಬಸ್ಸು ಹತ್ತಿದರು.

ಗಂಗಾದೇವಿಯ ಮನೆ ಖಾನಾಪುರದ ಪೇಟೆಯ ಹಿಂದೆ. ವಿಧವೆ. ಮಗ ನಾಗಲಿಂಗನಿಗೆ ಪೇಟೆಯಲ್ಲಿ ಟೈರಿನ ಅಂಗಡಿ, ತಾಯಿಗೆ ಹಿತ್ತಲಿನಲ್ಲಿ ಎರಡು ಎಮ್ಮೆ. ಮೂವರನ್ನೂ ಒಟ್ಟಿಗೆ ನೋಡಿದವಳೇ ಸೆರಗಿನಿಂದ ಕೈ ಒರೆಸಿಕೊಂಡು ನೀರು ಕೊಟ್ಟಳು. ನೀರು ಕೊಡುವಾಗ ಯಾರ ಮುಖವನ್ನೂ ನೋಡಲಿಲ್ಲ.

"ಅಕ್ಕಾರ, ಅವ್ರ ಫೋನ್ ಎಲ್ಲೈತ್ರಿ?"

"ಯಾವ ಫೋನು?"

"ಗಂಗಾ," ಅಂದರು ಗುರುಸಿದ್ದಪ್ಪ. ಅಪ್ಪನ ಸಾಲೆಯ ದನಿಗೆ ಅರವತ್ತರ ಮಗಳೂ ನೆಟ್ಟಗೆ ನಿಂತಳು. ಮೂರು ಮಂದಿಯ ಮುಂದೆ ಎಲ್ಲ ಹೊರಬಿತ್ತು. ತಮ್ಮಣ್ಣ ಕರೆಪ್ಪನ ಬಿಲ್ಲು ನೆನೆದು ಸಿಮ್ಮನ್ನು ತನ್ನ ಹಳೆಯ ಫೋನಿಗೆ ಹಾಕಿ, ಅಕ್ಕನ ಕೈಗಿತ್ತು, ತಿಜೋರಿಯಲ್ಲಿಡು ಎಂದು ಹೋಗಿದ್ದ. ವಿಯೆಟ್ನಾಮಿನಲ್ಲಿ ವಿಮಾನದಿಂದ ಇಳಿದವನು ಎಲ್ಲರಂತೆ ಸೋವಿಯ ಟೂರಿಸ್ಟ್ ಸಿಮ್ ಕೊಂಡಿದ್ದ. ವಾಟ್ಸಾಪ್ ಹಳೆಯ ನಂಬರಿನಲ್ಲೇ ನಡೆಯುತ್ತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ದೊಡ್ಡ ಪ್ಲಾನ್ ಅನ್ನುವುದು ಇರಲೇ ಇಲ್ಲ.

"ಒಟಿಪಿ ಬೇಕಾದ್ರ ಅಂವ ನಾಗಲಿಂಗನ ಫೋನಿಗೆ ಸುದ್ದಿ ಹಾಕ್ತಾನ," ಅಂದಳು ಗಂಗಾದೇವಿ. ಈಗ ಅವಳಿಗೂ ಸಿಟ್ಟು ಬಂದಿತ್ತು. "ನಾಗಲಿಂಗ ಗಿರಾಕಿ ಬಿಟ್ಟು ಮನಿಗೆ ಬರಬೇಕು. ನಾ ಹಿಂಡೂದು ಬಿಟ್ಟು ತಿಜೋರಿ ತಗೀಬೇಕು. ಬ್ಯಾಟರಿ ಹೋಗ್ತೈತಿ, ಬಂದ್ ಮಾಡಿ ಇಡು ಅಂದಾನ ಮತ್ತ. ಅದು ಚಾಲೂ ಆಗೂದ್ರಾಗ ಎಮ್ಮಿ ಒದ್ದು ಹಾಲು ಚೆಲ್ಲಿರ್ತೈತಿ! ಇವತ್ತೂ ಈಗರ ಚಾಲೂ ಮಾಡಿದ್ದೆ, ನಿನ್ನ ಫೋನ್ ಬಂತು."

"ನನ್ನ ಸೀಟಿನ ಸುದ್ದಿ ಹೇಳಲಿಲ್ಲೇನ್ರಿ ಅತ್ತಿ, ಪಪ್ಪಾ?" ಸಮೃದ್ಧಿ ಕೇಳಿದಳು.

"ಸೀಟು? ಗ್ಯಾಸಿನ ನಂಬರ್ ಅಂದ. ದಿನಾ ಗ್ಯಾಸ್. ಇವ್ರೇನು ಮನ್ಯಾಗ ಖಾನಾವಳಿ ಇಟ್ಟಾರೇನು ಅಂತ ನಾನೂ ವಿಚಾರ ಮಾಡಿದೆ."

"ಇವತ್ತು ಸಂಜೀಗೆ ಮುಗೀತೈತಿ ಅಕ್ಕಾರ. ಫೋನ್ ಕೊಡ್ರಿ."

ಗಂಗಾದೇವಿ ತಲೆ ತಗ್ಗಿಸಿದಳು. "ಕೊಡಾಕ ಬರೂದಿಲ್ಲ, ಪೂರ್ಣಿ. ನನ್ನ ಕಡೆಯಿಂದ ಲಿಂಗ ಮುಟ್ಟಿಸಿ ಆಣಿ ತಗೊಂಡಾನ. ಯಾರ ಕೈಯಾಗ ಹ್ವಾದ್ರೂ ಚಿಂತಿಲ್ಲ, ಪೂರ್ಣಿ ಕೈಯಾಗ ಹೋಗಬಾರ್ದು ಅಂತ. ಅಕಿ ಕೈಗೆ ನಂಬರ್ ಹೋತಂದ್ರ ಮನೀನ ಹೋದಂಗ ಅಂದ."

ಪೂರ್ಣಿಮಾಗೆ ಅಳು ಬರಲಿಲ್ಲ, ಹೇಸಿಗೆ ಬಂತು. ಇಷ್ಟು ವರ್ಷ ಅವನಿಗೆ ಬಡಿದು ಹಾಕಿದ ರೊಟ್ಟಿಗಳ ಬಗ್ಗೆ, ಕಟ್ಟಿಕೊಟ್ಟ ಬುತ್ತಿಯ ಬಗ್ಗೆ, ಅವನ ಟೋಪಿ ನೋಡಲು ಬಂದವರಿಗೆ ಮಾಡಿಕೊಟ್ಟ ಚಹಾದ ಬಗ್ಗೆ ಹೇಸಿಗೆ ಬಂತು. ಕಳ್ಳರಿಗೆ ಹೆದರಿ ಜನ ಬೀಗ ಹಾಕುತ್ತಾರೆ. ಇವನು ಹೆಂಡತಿಗೆ ಹೆದರಿ ಸಿಮ್ಮಿಗೆ ಬೀಗ ಹಾಕಿಸಿದ್ದ. ಆ ಬೀಗ ಮಗಳ ಕೊರಳಿಗೆ ಬಿದ್ದದ್ದು ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಪ್ಲಾನಿನ ಸುಳ್ಳು ಬಯಲಾಗುತ್ತದೆಂದು.

ಅವಳು ಕಟ್ಟೆಯ ಮೇಲೆ ಕುಳಿತು ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಳು.

"ಆಣಿ ಮುರೀಬ್ಯಾಡ್ರಿ ಅಕ್ಕಾರ. ನಾ ಅದನ್ನ ಮುಟ್ಟೂದ ಇಲ್ಲ. ನೀವ ತರ್ರಿ, ನೀವ ಹಿಡ್ಕೋರಿ, ನೀವ ಓದ್ರಿ. ಓದಬಾರ್ದು ಅಂತ ಆಣಿ ತಗೊಂಡಾರೇನು?"

ಗಂಗಾದೇವಿ ಅಪ್ಪನ ಮುಖ ನೋಡಿದಳು. ಅಪ್ಪ ಆಕಾಶ ನೋಡಿದರು. ಅವಳು ಒಳಗೆ ಹೋದಳು. ತಿಜೋರಿಯ ಬಾಗಿಲು ಕಿರ್ರೆಂದಿತು.

ಕಟ್ಟೆಯ ಮೇಲೆ ಫೋನು ಚಾಲೂ ಆಯಿತು. ಸಮೃದ್ಧಿ ತನ್ನ ಫೋನಿನಲ್ಲಿ ಒತ್ತಿದಳು. ಟಿಣ್ ಅಂತು. ಗಂಗಾದೇವಿ ಕನ್ನಡಕವನ್ನು ಮೂಗಿಗೇರಿಸಿ, ಸಂತೆಯಲ್ಲಿ ದರ ಕೂಗುವಂತೆ ಅಂಕಿಗಳನ್ನು ಗಟ್ಟಿಯಾಗಿ ಓದಿದಳು. ಸಮೃದ್ಧಿ ಒಂದೊಂದನ್ನೇ ಒತ್ತಿದಳು. ಒಪ್ಪಿಗೆ ಆಯಿತು ಅನ್ನುವ ಹಸಿರು ಅಕ್ಷರ ಬಂದದ್ದೇ ಹುಡುಗಿ ಅಜ್ಜನ ಹೆಗಲಿಗೆ ಮುಖವಿಟ್ಟು ಗಟ್ಟಿಯಾಗಿ ಅತ್ತಳು.

ಆಗಲೇ ತಮ್ಮಣ್ಣನ ವಾಟ್ಸಾಪ್ ಸಂದೇಶ ಬಂತು. ಸಮೃದ್ಧಿ ಮೂಗು ಒರೆಸಿಕೊಳ್ಳುತ್ತ ಓದಿದಳು: "ಈಗ ಬೋಟಿನಲ್ಲಿದ್ದೇನೆ. ಇಂಟರ್‌ನ್ಯಾಷನಲ್ ಪ್ಲಾನಿನಲ್ಲಿ ಒಟಿಪಿ ತಡವಾಗಿ ಬರುತ್ತದೆ. ತಾಳ್ಮೆ ಇರಲಿ."

ಗಂಗಾದೇವಿ ತನ್ನ ಕೈಯಲ್ಲಿದ್ದ ಫೋನನ್ನೂ ಸಮೃದ್ಧಿಯ ಕೈಯಲ್ಲಿದ್ದ ಫೋನನ್ನೂ ನೋಡಿದಳು. "ಥೂ ಇವನ," ಅಂದಳು. ಅಷ್ಟೇ ಅಂದಳು.

"ಅಕ್ಕಾರ, ಕುಂದರ್ರಿ," ಅಂದಳು ಪೂರ್ಣಿಮಾ. "ಇನ್ನೊಂದು ಬರ್ತೈತಿ. ಓದ್ರಿ. ಗ್ಯಾಸು ನನ್ನ ಹೆಸರಿಲೆ ಐತಿ. ನಂಬರೂ ನಂದ ಇರ್ಲಿ."

ಗ್ಯಾಸಿನದು ಆಯಿತು. ಕರೆಂಟಿನದು ಆಯಿತು. ಸಮೃದ್ಧಿಯ ಕಾಲೇಜಿನ ಅರ್ಜಿಯದು ಆಯಿತು. ನಡುವೆ ಗಂಗಾದೇವಿ ಅನ್ನಕ್ಕೆ ಇಟ್ಟು ಬಂದಳು, ಸಾರಿಗೆ ಒಗ್ಗರಣೆ ಹಾಕಿ ಬಂದಳು. ಫೋನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇದ್ದಳು. ಟಿಣ್ ಅಂದಾಗೆಲ್ಲ ಒಲೆಯ ಮುಂದಿನಿಂದಲೇ ಕೂಗಿ ಹೇಳಿದಳು. ಮೊದಲು ಹೆದರಿದ್ದವಳಿಗೆ ಆಮೇಲೆ ಹುರುಪೇ ಬಂತು.

"ಮತ್ತೇನರ ಉಳಿದೈತೇನು ನೋಡ್ರಿ," ಅಂದಳು ಉಣ್ಣುವಾಗ.

"ನನ್ನ ಪಿಂಚಣಿ ಉಳಿದೈತಿ," ಅಂದರು ಗುರುಸಿದ್ದಪ್ಪ. "ಅದಕ್ಕ ಬ್ಯಾಂಕಿಗೆ ಹೋಗಬೇಕಾಗ್ತೈತಿ. ನನ್ನದೂ ಪೂರ್ಣಿಮಾನ ನಂಬರಿಗೆ ಹಾಕ್ಸೂಣು. ಸ್ವಾಮವಾರ ಹೋಗೂಣು."

ಸೋಮವಾರ ಮಾವ ಸೊಸೆ ಇಬ್ಬರೂ ಬ್ಯಾಂಕಿಗೆ ಹೋದರು. ಅವಳ ಖಾತೆಯದೂ ಬದಲಾಯಿತು, ಅವರದೂ ಬದಲಾಯಿತು. ಬರುವಾಗ ಬಾಯಿ ಸಿಹಿ ಮಾಡಲು ಮಾವ ಕುಂದಾ ಕೊಡಿಸಿದರು. ಸೀಟು ಸಿಕ್ಕಿತು ಎಂದು ಸಮೃದ್ಧಿ ಅಪ್ಪನಿಗೆ ಒಂದು ಸಾಲು ಹಾಕಿದ್ದಳು. ಹೇಗೆ ಸಿಕ್ಕಿತೆಂದು ಅವನು ಕೇಳಲಿಲ್ಲ. ಕೇಳಿದರೆ ತಾನೂ ಹೇಳಬೇಕಾಗುತ್ತಿತ್ತು.

ತಮ್ಮಣ್ಣ ಗೋವಾದಲ್ಲಿ ವಿಮಾನ ಇಳಿದು, ದಾರಿಯಲ್ಲಿ ಖಾನಾಪುರದಲ್ಲಿ ಸಿಮ್ ಹಾಕಿಕೊಂಡೇ ಮನೆಗೆ ಬಂದ. "ಪೂರ್ಣಿ ಕೈಗೆ ಕೊಟ್ಟಿಲ್ಲಲ್ಲ?" ಎಂದು ಕೇಳಿದನಂತೆ. "ಲಿಂಗದಾಣಿ, ಕೊಟ್ಟಿಲ್ಲ," ಅಂದಳಂತೆ ಗಂಗಾದೇವಿ. ಅವನು ಬಸ್ಸು ಹತ್ತುವ ಮುಂಚೆಯೇ ಪೂರ್ಣಿಮಾಗೆ ಅದರ ಫೋನು ಬಂದಿತ್ತು.

ಬಂದ ಮರುದಿನ ಭಾನುವಾರ. ಟೋಪಿ ಗೋಡೆಗೇರಿತ್ತು. ಬಾಜೂ ಮನೆಯ ಗಂಡಸರು ನಾಲ್ಕು ಜನ ಪಡಸಾಲೆಯಲ್ಲಿ ಕುಳಿತಿದ್ದರು.

"ಅಲ್ಲೇ ಬೋಟಿನ್ಯಾಗ ಕುಂತು ಮಗಳಿಗೆ ಸೀಟು ಕೊಡಿಸೀನ್ರಿ," ಅನ್ನುತ್ತಿದ್ದ ತಮ್ಮಣ್ಣ. "ಒಟಿಪಿ ಬಂತು, ಹೇಳಿದೆ, ಆತು. ಎಲ್ಲಿದ್ರೂ ಮನಿ ಕಾರಭಾರ ನನ್ನ ಕೈಯಾಗ. ಪ್ಲಾನ್ ತಗೊಂಡ್ರ ಹಂತಾದ್ದು ತಗೋಬೇಕ್ರಿ."

ಸಮೃದ್ಧಿ ಹೊಸ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದವಳು ಕೋಣೆಯ ಬಾಗಿಲು ಮುಚ್ಚಿಕೊಂಡಳು. ಇವತ್ತು ಗ್ಯಾಸು ಬರುತ್ತದೆಂದು ಪೂರ್ಣಿಮಾ ಮತ್ತೆ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ಅಷ್ಟರಲ್ಲಿ ಗೇಟಿನಲ್ಲಿ ಸಿಲಿಂಡರ್ ಉರುಳಿದ ಸದ್ದಾಯಿತು.

"ಕೋಡ್ ಹೇಳ್ರೀ!"

ತಮ್ಮಣ್ಣ ನಾಲ್ಕೂ ಜನರ ಮುಂದೆ ನಿಧಾನವಾಗಿ ಕಿಸೆಯಿಂದ ಫೋನು ತೆಗೆದ. ಕನ್ನಡಕ ಒರೆಸಿ ಹಾಕಿಕೊಂಡ. ನೋಡಿದ. ಮೇಲೆ ಕೆಳಗೆ ಸರಿಸಿದ. ಫೋನನ್ನು ಅಲುಗಾಡಿಸಿದ.

"ಬಂದಿಲ್ಲೋ. ಇನ್ನೊಮ್ಮೆ ಕಳಸು."

"ಕಳಿಸೇನ್ರಿ ಯಜಮಾನ್ರ. ಹೋಗೇತಿ ಅಂತ ತೋರಸಾಕತ್ತೈತಿ."

ಅಡುಗೆಮನೆಯಿಂದ ಪೂರ್ಣಿಮಾ ಹೊರಗೆ ಬರಲಿಲ್ಲ. ಫ್ರಿಜ್ಜಿನ ಮೇಲಿದ್ದ ಫೋನನ್ನು ನೋಡಿ, ಹಿಟ್ಟಿನ ಕೈಯಲ್ಲಿದ್ದುಕೊಂಡೇ ಅಂಕಿಗಳನ್ನು ಗಟ್ಟಿಯಾಗಿ ಹೇಳಿದಳು. ಸಿಲಿಂಡರಿನವನು ಹೂಂ ಅಂದ.

ತಮ್ಮಣ್ಣ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದ. ಮುಖ ಕೆಂಪಾಗಿತ್ತು, ದನಿ ಮಾತ್ರ ಸಣ್ಣದಾಗಿತ್ತು, ಪಡಸಾಲೆಯವರಿಗೆ ಕೇಳಬಾರದೆಂದು.

"ನಂಬರ್ ಯಾರನ್ನ ಕೇಳಿ ಬದಲಿ ಮಾಡಿದಿ?"

"ನಿಮ್ಮನ್ನ ಕೇಳೇ ಮಾಡೀನ್ರಿ." ಅವಳು ದನಿ ಸಣ್ಣದು ಮಾಡಲಿಲ್ಲ. "ಗ್ಯಾಸಿಗೆ ಕೇಳಿದೆ, ಕರೆಂಟಿಗೆ ಕೇಳಿದೆ, ಮಗಳ ಅರ್ಜಿಗೆ ಕೇಳಿದೆ. ಒಂದೊಂದಕ್ಕೂ ನಿಮ್ಮ ನಂಬರಿನಿಂದ ಒಪ್ಪಿಗಿ ಬಂತು. ಖಾನಾಪುರದಿಂದ."

ಪಡಸಾಲೆಯಲ್ಲಿ ಯಾರೋ ಚಹಾದ ಕಪ್ಪನ್ನು ಬಸಿಯ ಮೇಲೆ ಇಟ್ಟರು. ಗುರುಸಿದ್ದಪ್ಪ ಪತ್ರಿಕೆ ಮಡಿಸಿ, "ಖಾನಾಪುರದಾಗ ಟವರ್ ಚಲೋ ಐತ್ರಿ," ಎಂದು ಬಾಜೂ ಮನೆಯವರಿಗೆ ತಿಳಿಸಿದರು.

ತಮ್ಮಣ್ಣ ಫೋನನ್ನು ಕಿಸೆಗೆ ಹಾಕಿಕೊಂಡ. ಹೊರಗೆ ಸಿಲಿಂಡರಿನವನು ಅವಸರ ಮಾಡುತ್ತಿದ್ದ.

"ನಿಂತೀರ್ಯಾಕ್ರಿ?" ಅಂದಳು ಪೂರ್ಣಿಮಾ, ಪರಾತಕ್ಕೆ ಹಿಟ್ಟು ಬಡಿಯುತ್ತ. "ಸಿಲಿಂಡರ್ ಒಳಗ ತರ್ರಿ. ಅದಕ್ಕೇನು ಒಟಿಪಿ ಬೇಕಾಗೂದಿಲ್ಲ."